ಬಾಗಿಲಲ್ಲಿ ನಿಂತ ಬಿರಿಯಾನಿ

"ಇದು ಯಾರ ಮನೆ ಮಿಕ್ಸಿ ಮೇಡಂ?"

ರಿಪೇರಿ ಅಂಗಡಿಯ ಝುಬೇರ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಗುಬ್ಬಿಯಿಂದ ಕ್ಯಾತ್ಸಂದ್ರದವರೆಗೆ ಆ ಮಿಕ್ಸಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಬಂದಿದ್ದೆ. ಸ್ಕೂಲಿಗೆ ಬೇರೆ ಲೇಟಾಗುತ್ತಿತ್ತು. ತಾಳ್ಮೆ ಅನ್ನುವುದು ನನ್ನಲ್ಲಿ ಮೊದಲೇ ಕಡಿಮೆ.

"ನಮ್ಮನೇದೇ. ಯಾಕೆ, ಕದ್ದಿದ್ದು ಅನ್ಕೊಂಡ್ರಾ?"

"ಹಂಗಲ್ಲ." ಅವನು ಜಾರಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. "ಹೆಸರು ಸಿದ್ರಾ ಅಂತ ಬರೆಸಿದ್ರಿ. ಜಾರಲ್ಲಿ ನೋಡಿದ್ರೆ ಹುರುಳಿಕಾಳು, ಜೀರಿಗೆ, ತೆಂಗಿನಕಾಯಿ. ಚಕ್ಕೆ ಲವಂಗದ ಸುಳಿವೇ ಇಲ್ಲ. ಪಕ್ಕದ ಮನೆಯವರದ್ದು ತಂದ್ರೇನೋ ಅಂತ."

"ಸಿದ್ರಾ ಅನ್ನೋರು ಬಸ್ಸಾರು ತಿನ್ನಬಾರದು ಅಂತ ರೂಲ್ ಇದೆಯಾ?"

ಅವನು ಆಗ ತಲೆ ಎತ್ತಿ ನೋಡಿದ. ಕೆನ್ನೆಯ ಮೇಲೆ ಒಂದು ಗೆರೆ ಗ್ರೀಸ್, ಕಣ್ಣಿನಲ್ಲಿ ನಗು. ನಗುವುದೋ ಬೇಡವೋ ಎಂದು ತುಟಿಗಳು ಇನ್ನೂ ತೀರ್ಮಾನ ಮಾಡಿರಲಿಲ್ಲ.

"ಇಲ್ಲ ಬಿಡಿ. ನಮ್ಮಮ್ಮನ ಹೆಸರು ಕುಲ್ಸುಂ ಬೀ. ಊರ್ಡಿಗೆರೆ ಕಡೆ ಅವರಷ್ಟು ಚೆನ್ನಾಗಿ ಬಸ್ಸಾರು ಮಾಡೋರಿಲ್ಲ. ಸಂಜೆ ಬನ್ನಿ, ಮಿಕ್ಸಿ ರೆಡಿ ಇರುತ್ತೆ."

ದಿನವಿಡೀ ಕೋಪ ಮಾಡಿಕೊಂಡಿರೋಣ ಅಂದುಕೊಂಡಿದ್ದೆ. ಮೂರನೇ ಪೀರಿಯಡ್ ಹೊತ್ತಿಗೆ ಆ ಗ್ರೀಸಿನ ಗೆರೆ ನೆನಪಾಗಿ ಬೋರ್ಡಿನ ಕಡೆ ತಿರುಗಿಕೊಂಡು ನಕ್ಕೆ.

ನಮ್ಮ ಮನೆಯ ವಿಷಯ ಈಗಲೇ ಹೇಳಿಬಿಡುತ್ತೇನೆ. ನನ್ನ ಅಬ್ಬಾ ಅಬ್ದುಲ್ ರಶೀದ್ ಅವರದು ಗುಬ್ಬಿಯಲ್ಲಿ ಬಟ್ಟೆ ಅಂಗಡಿ. ಈಗ ಅಲ್ಲಿ ಅಣ್ಣ ಮುಜೀಬ್ ಕೂರುತ್ತಾನೆ. ಎರಡು ವರ್ಷದ ಹಿಂದೆ ಅಬ್ಬಾಗೆ ಹಾರ್ಟಿಗೆ ಸ್ಟೆಂಟ್ ಹಾಕಿದರು. ಮಾಂಸ, ತುಪ್ಪ, ಕರಿದಿದ್ದು ಎಲ್ಲ ಬಂದ್ ಅಂದರು ಡಾಕ್ಟರು. ಮೊದಲ ದಿನ ತಟ್ಟೆಯಲ್ಲಿ ಪಡವಲಕಾಯಿ ಪಲ್ಯ ನೋಡಿ ಅಬ್ಬಾ ಅತ್ತಿದ್ದರು. ನಿಜವಾಗಿ ಅತ್ತರು, ಕಣ್ಣೀರು ಒರೆಸಿಕೊಂಡರು.

ಆಮೇಲೆ ಅವರೇ ಒಂದು ಉಪಾಯ ಹುಡುಕಿದರು. ಮನೆಯಲ್ಲಿ ನಾವು ಉರ್ದು ಮಾತಾಡುವವರು. "ಉರ್ದು ಮಾತಾಡ್ತಾ ಊಟಕ್ಕೆ ಕೂತ್ರೆ ಕೈ ತಾನಾಗೇ ಕುರ್ಮಾ ಹುಡುಕುತ್ತೆ. ಕನ್ನಡದಲ್ಲಿ ಮಾತಾಡಿದ್ರೆ ಸೊಪ್ಪು ಸಲೀಸಾಗಿ ಇಳಿಯುತ್ತೆ" ಅಂದರು. ಅಂದಿನಿಂದ ಊಟದ ಹೊತ್ತಿಗೆ ಬರೀ ಕನ್ನಡ. ಕೈ ತೊಳೆದ ಮೇಲೆ ಉರ್ದು. ನಡುವೆ ಯಾರ ಬಾಯಲ್ಲಾದರೂ ಉರ್ದು ಬಂದರೆ ದಂಡ ಒಂದು ಚಮಚ ಹಾಗಲಕಾಯಿ ಪಲ್ಯ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದ್ದರಿಂದ ಜಡ್ಜ್ ನಾನೇ.

ಅತಿ ಹೆಚ್ಚು ಹಾಗಲಕಾಯಿ ತಿಂದವರು ಅಮ್ಮಿ. ತಿಂದಾಗಲೆಲ್ಲ ಜಗಳ.

"ಚಮಚ ಯಾವ ಭಾಷೆದೇ? ಅದಕ್ಕೆ ದಂಡ ಇಲ್ವಾ?"

"ಅದು ಹೊರಗಿಂದ ಬಂದಿದ್ದು ಅಮ್ಮಿ. ಆದ್ರೆ ತುಂಬಾ ದಿನದಿಂದ ಕನ್ನಡದ ಮನೇಲೇ ಇದೆ. ಮಾಫಿ."

"ಮಾಫಿ ಅಂದ್ಯಲ್ಲ, ತಗೋ, ತಿನ್ನು," ಅನ್ನುತ್ತಿದ್ದರು ಅಬ್ಬಾ. ತೀರ್ಪು ಕೊಡುವಾಗಲೂ ನಾನು ಕಹಿ ತಿನ್ನಬೇಕಾಗಿತ್ತು. ಅಬ್ಬಾ ತಮ್ಮ ತರಕಾರಿಗಳಿಗೆಲ್ಲ ಪದವಿ ಕೊಟ್ಟಿದ್ದರು. ಬದನೆಕಾಯಿ ಮಹಾರಾಜರು, ಹೀರೇಕಾಯಿ ಹೆಡ್‌ಮಾಸ್ಟರು, ಕುಂಬಳಕಾಯಿ ಎಮ್ಮೆಲ್ಲೆ. ನಗುತ್ತಾ ನಗುತ್ತಾ ಅವರ ಕೊಲೆಸ್ಟ್ರಾಲ್ ಇಳಿಯಿತು, ಹೊಟ್ಟೆ ಇಳಿಯಿತು.

ಇಳಿಯದೆ ಉಳಿದದ್ದು ಬಿರಿಯಾನಿಯ ಆಸೆ.

ನನ್ನನ್ನು ನೋಡಲು ಬಂದ ಮೊದಲ ಎರಡು ಮನೆಯವರಿಗೆ ನಾವು ಸೊಪ್ಪಿನ ಊಟ ಹಾಕಿದೆವು. ಸಂಬಂಧ ಕೇಳಲು ಬಂದವರಿಗೆ ಬಿರಿಯಾನಿ ಇಡದಿದ್ದರೆ ಮರ್ಯಾದೆ ತೆಗೆದ ಹಾಗೆ. ಎದ್ದು ಹೋದವರು ತಿರುಗಿ ಫೋನ್ ಮಾಡಲಿಲ್ಲ. ಮೂರನೆಯವರು ಕುಣಿಗಲ್ಲಿನವರು. ವಿಷಯ ಮೊದಲೇ ತಿಳಿದು ತಾವೇ ಒಂದು ದೇಗ್ಚಿ ಪಾತ್ರೆ ತುಂಬ ಬಿರಿಯಾನಿ ತಂದರು. ಅಬ್ಬಾ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ತಟ್ಟೆ ತಿಂದಿದ್ದು ನಮಗೆ ಗೊತ್ತಾಗಿದ್ದು ಮಾರನೇ ಬೆಳಿಗ್ಗೆ, ತುಮಕೂರಿಗೆ ಹೋಗುವ ಆಂಬುಲೆನ್ಸಿನಲ್ಲಿ. ಮೂರು ದಿನ ಐಸಿಯು ಗಾಜಿನ ಹೊರಗೆ ನಿಂತಿದ್ದೆ. ಮದುವೆ ಆಗಲಿ ಬಿಡಲಿ, ಇನ್ನು ಮೇಲೆ ಬಿರಿಯಾನಿ ನಮ್ಮ ಹೊಸ್ತಿಲು ದಾಟಬಾರದು ಅಂತ ಅಲ್ಲೇ ತೀರ್ಮಾನಿಸಿದೆ.

ಆ ಸಂಬಂಧವನ್ನು ನಾನೇ ಬೇಡ ಅಂದೆ. ಅದಾಗಿ ಆರು ತಿಂಗಳಿಗೆ ಮಿಕ್ಸಿ ಕೆಟ್ಟಿದ್ದು.

ಮಿಕ್ಸಿ ಅದೇ ದಿನ ಸರಿಯಾಯಿತು. ನಾನು ಮಾತ್ರ ದಿನಾ ಆ ಅಂಗಡಿಯ ಮುಂದೆಯೇ ಸ್ಟೇಷನ್ನಿಗೆ ಹೋಗಬೇಕಿತ್ತಲ್ಲ. ಒಂದು ದಿನ ಅವನು ಹಾಸ್ಟೆಲ್ ಮೆಸ್ಸಿನ ಗ್ರೈಂಡರ್ ಬಿಚ್ಚಿಕೊಂಡು ಕೂತಲ್ಲಿಂದಲೇ ಕೇಳಿದ:

"ಇವತ್ತು ಡಬ್ಬೀಲಿ ಹೆಸರುಕಾಳು ಉಸ್ಲಿ. ಕರೆಕ್ಟಾ?"

"ಮುಚ್ಚಳ ಹಾಕಿದೆ. ಹೆಂಗ್ ಗೊತ್ತಾಯ್ತು?"

"ಬೆಳಿಗ್ಗೆ ಹೋಗ್ವಾಗ ಗಾಳಿ ಈ ಕಡೆ ಬೀಸ್ತು."

ಡಬ್ಬಿಯ ತಳದಲ್ಲಿ ಉಳಿದಿದ್ದ ಎರಡು ಚಮಚ ಉಸ್ಲಿ ಅವನ ಪಾಲಾಯಿತು. ಅದೇ ಒಂದು ಆಟವಾಯಿತು. ಸರಿಯಾಗಿ ಹೇಳಿದರೆ ಒಂದು ತುತ್ತು, ತಪ್ಪಿದರೆ ಇಲ್ಲ. ಮೆಂತ್ಯ ಸೊಪ್ಪಿನ ರೊಟ್ಟಿ ಹೇಳಿದ. ನುಗ್ಗೆಸೊಪ್ಪು ಹಾಕಿದ ತೊಗರಿಬೇಳೆ ಹೇಳಿದ. ಒಂದು ದಿನ ನವಣೆ ಅಕ್ಕಿ ಪೊಂಗಲ್ ಹಿಡಿಯಲಾಗದೆ ಪೆಚ್ಚಾಗಿ ಕೂತ. ಆ ಮುಖ ನೋಡಿ ನಾನೇ ಕರಗಿ ಒಂದು ತುತ್ತು ಕೊಟ್ಟೆ. ಕೊಡುವ ಪಾತ್ರೆ ಸಣ್ಣದು, ತೆಗೆದುಕೊಳ್ಳುವ ಕೈ ದೊಡ್ಡದು. ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಗ್ರೈಂಡರನ್ನೇ ನೋಡಿದೆವು.

ಅಂದು ಹಿಡಿಯಬೇಕಿದ್ದ ರೈಲು ಹೋಯಿತು. ಬೇಜಾರಾಗಲಿಲ್ಲ.

ಅವನು ನನ್ನ ಜೊತೆ ಉರ್ದು ಮಾತಾಡುತ್ತಲೇ ಇರಲಿಲ್ಲ. ಏನು ಜಂಭ ಇವನಿಗೆ ಅಂದುಕೊಂಡಿದ್ದೆ. ಕೊನೆಗೆ ಒಂದು ಸಂಜೆ ಅವನೇ ಒಪ್ಪಿಕೊಂಡ. ಅವರ ಊರಿನಲ್ಲಿ ಸಾಬರ ಮನೆ ಅಂತ ಇರುವುದು ಅವರದೊಂದೇ. ತಂದೆ ತೀರಿಕೊಂಡ ಮೇಲೆ ಅಮ್ಮ ಅಕ್ಕಪಕ್ಕದವರ ಜೊತೆ ರಾಗಿ ಹೊಲದಲ್ಲೇ ಅವನನ್ನು ಸಾಕಿದ್ದು. ಉರ್ದು ಅರ್ಥವಾಗುತ್ತದೆ, ನಾಲಿಗೆ ತಿರುಗುವುದಿಲ್ಲ.

"ನಿಮ್ಮಪ್ಪನ ಹತ್ರ ಹೆಂಗ್ ಮಾತಾಡ್ಲಿ ನಾನು?" ಅಂದ.

"ನಮ್ಮಪ್ಪನ ಹತ್ರ ನಿಂಗೇನ್ ಮಾತು?"

ಅವನು ಸ್ಕ್ರೂಡ್ರೈವರನ್ನು ಒರೆಸಿದ. ಕ್ಲೀನಾಗಿದ್ದನ್ನೇ ಮತ್ತೆ ಒರೆಸಿದ. "ನಂಗೂ ಒಂದು ಡಬ್ಬಿ ಕಟ್ತೀಯಾ ಸಿದ್ರಾ?"

"ನಾಳೆಗಾ?"

"ನಾಳೆಗೂ. ಆಮೇಲೆ ದಿನಾ."

ತಕ್ಷಣ ಹ್ಞೂಂ ಅನ್ನಬೇಕು ಅನಿಸಿತು. ಆದರೂ ಬಿಟ್ಟುಕೊಡಲಿಲ್ಲ. "ಇಷ್ಟು ದೊಡ್ಡ ಅರ್ಜಿ ಹಾಕೋರು ಮನೆಯವರನ್ನ ಕರ್ಕೊಂಡು ಬರ್ಬೇಕು," ಅಂದೆ. "ಆದ್ರೆ ನಮ್ಮನೇಲಿ ಸೊಪ್ಪಿನ ಊಟ. ಅದನ್ನ ಅಮ್ಮಂಗೆ ಹೇಳ್ಬಿಡು."

"ಹೇಳ್ತೀನಿ. ಅಮ್ಮಂದೇನೂ ತಕರಾರಿಲ್ಲ."

ಭಾನುವಾರ ಮಧ್ಯಾಹ್ನ ಬಂದರು. ನಾನು ಮುದ್ದೆ, ಬಸ್ಸಾರು, ಕೋಸಂಬರಿ, ಹಾಗಲಕಾಯಿ ಪಲ್ಯ, ಮಜ್ಜಿಗೆ ಎಲ್ಲ ಸಿದ್ಧ ಮಾಡಿ, ಕೈ ಒರೆಸಿಕೊಂಡು ಬಾಗಿಲಿಗೆ ಓಡಿದೆ. ಆಟೋದಿಂದ ಮೊದಲು ಝುಬೇರ್ ಇಳಿದ. ಬಿಳೀ ಷರ್ಟು, ಗ್ರೀಸಿಲ್ಲದ ಕೆನ್ನೆ. ಒಂದು ಕ್ಷಣ ಉಳಿದಿದ್ದೆಲ್ಲ ಮರೆತೆ. ಹಿಂದೆ ಕುಲ್ಸುಂ ಬೀ ಇಳಿದರು. ಅವರ ಎರಡೂ ಕೈಯಲ್ಲಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದ ದೊಡ್ಡ ದೇಗ್ಚಿ. ವಾಸನೆ ಅವರಿಗಿಂತ ಮುಂಚೆ ಬಾಗಿಲಿಗೆ ಬಂತು. ಒಳಗೆ ಅಬ್ಬಾ ಕೂತಲ್ಲೇ ಕತ್ತು ಎತ್ತಿದ್ದು ನನಗೆ ಕಾಣಿಸಿತು.

ಝುಬೇರನ ಮುಖ ಬಿಳಿಚಿಕೊಂಡಿತ್ತು. ಅವನು ಅಂಗಡಿಯ ಹತ್ತಿರ ಆಟೋ ಹತ್ತಿದವನು, ಅದರೊಳಗೆ ಏನಿದೆ ಅಂತ ಅಲ್ಲಿಯವರೆಗೆ ಅವನಿಗೂ ಗೊತ್ತಿರಲಿಲ್ಲವಂತೆ.

ನಾನು ಹೊಸ್ತಿಲ ಮೇಲೆ ನಿಂತೆ. "ಅಮ್ಮಾ, ಅದು ಒಳಗೆ ಬರೋ ಹಾಗಿಲ್ಲ."

ಹಿಂದಿನಿಂದ ಅಮ್ಮಿ ನನ್ನ ಮೊಣಕೈ ಚಿವುಟಿದರು. ಕುಲ್ಸುಂ ಬೀ ಕೋಪ ಮಾಡಿಕೊಳ್ಳಲಿಲ್ಲ. ಕೊನೆಗೆ ಇಳಿದು ಆಟೋದವನ ಜೊತೆ ಚೌಕಾಸಿ ಮಾಡುತ್ತಿದ್ದ ತಮ್ಮ ಅಣ್ಣನ ಕಡೆ ಒಮ್ಮೆ ನೋಡಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ನಿಮ್ಮನೇಲಿ ಬರೀ ಸೊಪ್ಪು ಅಂತ ನನ್ ಮಗ ಹೇಳ್ದ ಕಣವ್ವ. ಕಷ್ಟ ಎಲ್ರಿಗೂ ಬತ್ತದೆ. ಅದ್ಕೇ ನಾನೇ ಬೆಳಿಗ್ಗೆ ಎದ್ದು ಮಾಡ್ಕಂಡ್ ಬಂದೆ. ನೀವೇ ಮಾಡಿದ್ದು ಅಂತ ಬಡ್ಸುಬುಡು. ನಮ್ಮಣ್ಣಂಗೆ ಗೊತ್ತಾಗಲ್ಲ."

ಜಗಳಕ್ಕೆ ನಾನು ತಯಾರಾಗಿದ್ದೆ. ಇಂಥ ಒಳ್ಳೆಯತನಕ್ಕೆ ತಯಾರಾಗಿರಲಿಲ್ಲ. ನಮ್ಮ ಮರ್ಯಾದೆ ಉಳಿಸಲು ಅಷ್ಟು ದೂರದಿಂದ ಹೊತ್ತು ತಂದ ಹೆಂಗಸನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ. ದಾರಿ ಬಿಟ್ಟರೆ ಝುಬೇರ್ ಸಿಗುತ್ತಾನೆ. ಬಿಡದಿದ್ದರೆ ನಾಲ್ಕನೇ ಮನೆಯವರೂ ಎದ್ದು ಹೋಗುತ್ತಾರೆ, ಮತ್ತು ಈ ಸಲ ಹೋಗುವವನು ನನಗೆ ಬೇಕಾದವನು.

"ಬಡತನ ಅಲ್ಲಮ್ಮ," ಅಂದೆ. "ನಮ್ಮಪ್ಪಂಗೆ ಹಾರ್ಟು. ಹೋದ ಸಲ ಇದನ್ನ ತಿಂದು ಐಸಿಯುಗೆ ಹೋದ್ರು. ಎದುರಿಗಿದ್ರೆ ಅವರಿಗೆ ತಡ್ಕೊಳ್ಳೋಕಾಗಲ್ಲ. ನಿಮ್ಮ ಮಗ ನಂಗೆ ಬೇಕು. ತುಂಬಾ ಬೇಕು. ನಮ್ಮಪ್ಪನೂ ಬೇಕು. ಅದಕ್ಕೇ ಈ ದೇಗ್ಚಿ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ತಪ್ಪು ತಿಳ್ಕೋಬೇಡಿ."

ಪಿಸುಮಾತಲ್ಲಿ ಶುರುವಾಗಿದ್ದು ಕೊನೆಗೆ ಬೀದಿಗೆಲ್ಲ ಕೇಳಿಸಿತ್ತು. ಝುಬೇರ್ ನನ್ನನ್ನೇ ನೋಡುತ್ತಿದ್ದ. ಆಟೋದವನೂ ಚೌಕಾಸಿ ನಿಲ್ಲಿಸಿದ್ದ.

ಕುಲ್ಸುಂ ಬೀ ದೇಗ್ಚಿಯನ್ನು ಮಗನ ಕೈಗಿಟ್ಟರು. "ಮಸೀದಿ ತಾವ ಹಂಚ್ಬುಟ್ಟು ಬಾ, ಹೋಗು," ಅಂದು ನನ್ನನ್ನು ದಾಟಿ ಒಳಗೆ ಹೋದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಝುಬೇರ್ ಹಂಚಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಅಬ್ಬಾ ನಮ್ಮ ಮನೆಯ ಕಾನೂನನ್ನು ಬೀಗರಿಗೆ ವಿವರಿಸಿದರು. "ಮದ್ವೆ ಮಾತಿಗೆ ಮುದ್ದೆನಾ?" ಅಂತ ಗೊಣಗಿದ ಝುಬೇರನ ಸೋದರಮಾವನಿಗೆ ಕುಲ್ಸುಂ ಬೀ, "ಸುಮ್ನೆ ತಿನ್ನಣ್ಣ, ಗಂಟಿಲ್ದಂಗೆ ತೊಳಸವಳೆ," ಅಂದರು. ನನ್ನ ಬಗ್ಗೆ ಬಂದದ್ದು ಅದೊಂದೇ ಮಾತು.

ಆಗ ಝುಬೇರ್ ಗಂಟಲು ಸರಿಮಾಡಿಕೊಂಡ. ಅಬ್ಬಾನ ಮುಖ ನೋಡಿಕೊಂಡು, ಎಲ್ಲಿಂದಲೋ ಬಾಯಿಪಾಠ ಮಾಡಿ ತಂದ ಉರ್ದುವಿನಲ್ಲಿ, ಒಂದೊಂದೇ ಪದ ಇಟ್ಟ. "ಸಿದ್ರಾ ಕೆ ಬಗೈರ್ ಮೈ ನಹೀ ರಹ್ ಸಕ್ತಾ." ಸಿದ್ರಾ ಇಲ್ಲದೆ ಇರಲಾರೆ ಅಂತ.

ಅಬ್ಬಾ ಬೆರಳು ಮಾಡಿ ಹಾಗಲಕಾಯಿ ಬಟ್ಟಲು ತೋರಿಸಿದರು.

"ದಂಡ," ಅಂದರು ಅಬ್ಬಾ, ಗಂಭೀರವಾಗಿ.

ಝುಬೇರ್ ಹಾಗಲಕಾಯಿ ಪಲ್ಯ ಒಂದು ಚಮಚ ನುಂಗಿದ. ಕಣ್ಣಲ್ಲಿ ನೀರು ಬಂತು. ನೀರು ಕುಡಿದ. ಮತ್ತೆ ಅದೇ ಮಾತು ಹೇಳಿದ, ಈ ಸಲ ನನ್ನ ಕಡೆ ತಿರುಗಿ. ತಾನೇ ಬಟ್ಟಲು ಎಳೆದುಕೊಂಡು ಇನ್ನೊಂದು ಚಮಚ ಹಾಕಿಕೊಂಡ. ನಾಲ್ಕನೇ ಸಲಕ್ಕೆ ಅಬ್ಬಾ ನಗು ತಡೆಯಲಾಗದೆ ಬಟ್ಟಲನ್ನೇ ಕಿತ್ತುಕೊಂಡರು. "ಸಾಕು ಮಾರಾಯ, ನಂಗೂ ಸ್ವಲ್ಪ ಉಳಿಸು."

ಎಲ್ಲರೂ ನಕ್ಕರು. ಕುಲ್ಸುಂ ಬೀ ನಗಲಿಲ್ಲ. ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಚೊಂಬು ಹಿಡಿದು ಹಿಂದೆಯೇ ಹೋದೆ.

ನೀರು ಹಾಕುತ್ತಿದ್ದೆ. ಕೈ ತೊಳೆದಾಗಿದ್ದರೂ ಅವರು ಕೈ ಹಿಂತೆಗೆಯಲಿಲ್ಲ.

"ಝುಬೇರನ ಅಪ್ಪಂಗೂ ಹಾರ್ಟೇ ಕಣವ್ವ," ಅಂದರು. "ಡಾಕ್ಟ್ರು ಬ್ಯಾಡ ಅಂದಿದ್ರು. ಅವರು ಕೇಳ್ದಾಗೆಲ್ಲ ಮಾಡಿ ಬಡುಸ್ದೆ. ಪ್ರೀತಿ ಅಂದ್ರೆ ಅಷ್ಟೇ ಅನ್ಕಂಡಿದ್ದೆ. ನಿನ್ನಂಗೆ ಅಡ್ಡ ನಿಲ್ಲೋ ಧೈರ್ಯ ನಂಗಿರ್ನಿಲ್ಲ."

ನಾನು ಚೊಂಬನ್ನು ಕೆಳಗಿಟ್ಟೆ.

"ಅವ್ನು ಅವರಪ್ಪನಂಗೇ ತಿಂಡಿಪೋತ," ಅಂದರು, ಒದ್ದೆ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು. "ಅವ್ನಿಗೂ ಹಿಂಗೇ ಅಡ್ಡ ನಿಲ್ತೀಯಾ?"

"ನಿಲ್ತೀನಿ."

"ನಾನೇ ಎದುರು ಬಂದ್ರೂ?"

"ನೀವು ಬಂದ್ರೂ."

ಅವರು ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದರು, ಆಮೇಲೆ ತಮ್ಮದು. ಒಳಗಿನ ಕಡೆ ತಿರುಗಿ, ಹೊಲದಲ್ಲಿ ಕೂಗುವಷ್ಟೇ ಜೋರಾಗಿ ಕೂಗಿದರು.

"ಅಣ್ಣಾ, ತಾರೀಕು ನೋಡು."