ಬರ್ತೀನಿ ಕಣೇ

"ಬಲಕ್ಕೆ, ಅಕ್ಕಾ! ಬಲಕ್ಕೆ ತಿರುಗು!" ಸ್ಪಂದನಾ ಸೋಫಾದ ಮೇಲೆ ಮೊಣಕಾಲೂರಿ ಕೂಗಿದಳು.

"ಹಿಮ ಜಾರುತ್ತೆ ಕಣೇ, ತಾಳು!" ಫೋನಿನೊಳಗೆ ಚಿತ್ರಕ್ಕ ನಕ್ಕಳು.

ಸ್ಪಂದನಾ ಇದ್ದದ್ದು ಮಸ್ಕತ್ತಿನ ಹಮ್ರಿಯಾದ ಫ್ಲಾಟಿನಲ್ಲಿ. ಅಕ್ಕ ಡಾಕ್ಟರ್ ಓದಲು ಹೋದದ್ದು ರಷ್ಯಾದ ಕಜಾನ್ ನಗರಕ್ಕೆ. ಶುಕ್ರವಾರ ಬಂತೆಂದರೆ ಇವರದು ಇದೇ ಆಟ. ಅಕ್ಕ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದು ಊರು ಸುತ್ತಬೇಕು, ಎಡವೋ ಬಲವೋ ಅಂತ ಈ ಮಹಾರಾಯಿತಿ ಇಲ್ಲಿಂದ ಅಪ್ಪಣೆ ಕೊಡಬೇಕು! ಹೀಗೇ ಇಬ್ಬರೂ ನೀಲಿ ಮಿನಾರುಗಳ ಮಸೀದಿ ನೋಡಿದ್ದರು, ಟ್ರಾಮ್ ಹತ್ತಿದ್ದರು, ದಾರಿಯನ್ನೂ ತಪ್ಪಿಸಿಕೊಂಡಿದ್ದರು.

ಇವತ್ತು ರಸ್ತೆ ಮುಗಿದಲ್ಲಿ ಬರೀ ಬಿಳಿ ಬಯಲು.

"ವೋಲ್ಗಾ ನದಿ ತೋರಿಸ್ತೀನಿ ಅಂದೆ. ನೀರೆಲ್ಲಿ?"

"ಇದೇ ನದಿ! ಮೇಲೆಲ್ಲಾ ಐಸ್ ಆಗಿದೆ. ಅಲ್ನೋಡು, ತೂತು ಕೊರೆದು ಮೀನು ಹಿಡೀತಿದ್ದಾರೆ."

"ಅಯ್ಯಪ್ಪಾ! ಇಲ್ಲಿ ವಾದಿ ಅನ್ನೋ ನಮ್ಮ ಒಣ ಹೊಳೆಯಲ್ಲಿ ನೀರಿಲ್ಲದೆ ಬರೀ ಕಲ್ಲು. ನಿಮ್ಮ ನದಿಯಲ್ಲಿ ನೀರೇ ಕಲ್ಲು!"

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಇದೇ ಸಮಯ ಅಂತ ಸ್ಪಂದನಾ ಕೇಳಿಯೇಬಿಟ್ಟಳು. "ಅಕ್ಕಾ, ನನ್ನ ಬರ್ತ್‌ಡೇಗೆ ಬರ್ತೀಯಾ?"

ಗಾಳಿ ಭರ್ರೆಂದಿತು. "ಅಯ್ಯೋ, ಬಸ್ ಬಂತು! ಬರ್ತೀನಿ ಕಣೇ!" ಫೋನ್ ಕಟ್ಟಾಯಿತು.

ಬರ್ತಾಳಂತೆ! ಸ್ಪಂದನಾ ರೂಮಿಗೆ ಓಡಿದಳು. ಅಕ್ಕ ಹೋದ ಮೇಲೆ ಖಾಲಿಯಾದ ಮಂಚದ ಕಡೆ ತಿರುಗಿ ಮಲಗಲೂ ಅವಳಿಗೆ ಸಂಕಟವಾಗುತ್ತಿತ್ತು. ಈಗ ಅದರ ಮೇಲೆ ಹೂವಿನ ಬೆಡ್‌ಶೀಟ್ ಹಾಸಿದಳು.

"ಇದೇನೇ ಸಡಗರ?" ಅಮ್ಮ ಕೇಳಿದಳು.

"ಅಕ್ಕ ಬರ್ತ್‌ಡೇಗೆ ಬರ್ತಾಳೆ! 'ಬಸ್ ಬಂತು, ಬರ್ತೀನಿ ಕಣೇ' ಅಂದ್ಲು."

ಅಮ್ಮ ಮಂಚದ ಮೇಲೆ ಕೂತಳು. "ಪುಟ್ಟಿ, ಅಪ್ಪ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಏನಂತಾರೆ?"

"ಬರ್ತೀನಿ ಅಂತಾರೆ..." ಅಷ್ಟು ಹೇಳಿ ಸ್ಪಂದನಾ ಬಾಯಿ ಮುಚ್ಚಿಕೊಂಡಳು. 'ಹೋಗ್ತೀನಿ' ಅಂತ ಈ ಮನೆಯಲ್ಲಿ ಯಾರಾದರೂ ಅಂದದ್ದುಂಟೇ?

"ಅವಳಿಗೆ ಎಕ್ಸಾಮ್ ಇದೆ ಕಣೇ. ಬೇಸಿಗೆ ರಜೆಗೆ ಬರ್ತಾಳೆ."

ಸ್ಪಂದನಾ ಗೊಳೋ ಎಂದು ಅತ್ತಳು. ಬೆಡ್‌ಶೀಟ್ ಮಾತ್ರ ತೆಗೆಯಲು ಬಿಡಲಿಲ್ಲ.

ಮುಂದಿನ ಶುಕ್ರವಾರ ಫೋನ್ ಬಂದಾಗ ಮುಖ ಊದಿಸಿಕೊಂಡು ಕೂತಳು.

"ಎಡಕ್ಕಾ, ಬಲಕ್ಕಾ?" ಅಕ್ಕ ಕೇಳಿದಳು. ಸ್ಪಂದನಾ ಮುಖ ಆಚೆ ತಿರುಗಿಸಿದಳು.

"ಹೇಳೇ, ಪ್ಲೀಸ್. ವಾರಪೂರ್ತಿ ಶುಕ್ರವಾರಕ್ಕೇ ಕಾಯ್ತಿರ್ತೀನಿ. ನೀನಿಲ್ದಿದ್ರೆ ನಾನು ಹಾಸ್ಟೆಲ್ ಬಿಟ್ಟು ಹೊರಗೇ ಬರಲ್ಲ. ಒಬ್ಬಳೇ ಸುತ್ತೋಕೆ ಅಳು ಬರುತ್ತೆ."

ಸ್ಪಂದನಾ ಸ್ಕ್ರೀನನ್ನು ಹತ್ತಿರ ಹಿಡಿದು ನೋಡಿದಳು. ರಸ್ತೆಯಲ್ಲಿ ಜನ ಗುಂಪುಗುಂಪಾಗಿ ಹರಟುತ್ತಾ ಹೋಗುತ್ತಿದ್ದರು. ಅಕ್ಕನ ಮೂಗು ಚಳಿಗೆ ಕೆಂಪಾಗಿತ್ತು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಎಡಕ್ಕೆ," ಎಂದಳು ಸ್ಪಂದನಾ. "ಆ ಬ್ರಿಡ್ಜ್ ತನಕ ಹೋಗೋಣ. ನಿಧಾನ, ಜಾರಿಬಿಟ್ಟೀಯ."

ಬ್ರಿಡ್ಜ್ ನೋಡಿ, ಮೀನು ಹಿಡಿಯುವ ತಾತನಿಗೆ ಇಬ್ಬರೂ ಟಾಟಾ ಮಾಡಿ, ಬಸ್ ಸ್ಟಾಪಿಗೆ ಬಂದರು.

"ಬಸ್ ಬಂತು ಪುಟ್ಟಿ..." ಅಕ್ಕ ಅಲ್ಲಿಗೇ ಮಾತು ತಡೆದಳು. ಅಮ್ಮ ಅವಳಿಗೆ ಎಲ್ಲಾ ಹೇಳಿದ್ದಳು ಅಂತ ಕಾಣುತ್ತೆ.

"ಪರವಾಗಿಲ್ಲ, ಹೇಳು," ಎಂದಳು ಸ್ಪಂದನಾ.

"ಬರ್ತೀನಿ ಕಣೇ."

ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಮ್ಮ ಅಪ್ಪನಿಗೆ ಹೇಳುವ ಹಾಗೇ ಸ್ಪಂದನಾ ಹೇಳಿದಳು:

"ಹೋಗಿ ಬಾ, ಅಕ್ಕಾ."