ಡರ್ಮಟ್‌ಗೆ ಬಿಟ್ಟ ಜಾಗ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ವೈಯಲ್ಲಾ ಊರಿನ ನನ್ನ ಮನೆಯಲ್ಲಿ, ಭಾನುವಾರ ಮಟಮಟ ಮಧ್ಯಾಹ್ನ ನಡೆದದ್ದು ಇದು. ನಿವೃತ್ತ ಲಾರಿ ಚಾಲಕರಾದ ನಾವು ಏಳು ಜನ ವಾರಕ್ಕೊಮ್ಮೆ ಆನ್‌ಲೈನ್ ಆಟವೊಂದರಲ್ಲಿ ಸಾಲಾಗಿ ಲಾರಿ ಓಡಿಸುತ್ತೇವೆ. ಯಾರಾದರೂ ತೀರಿಕೊಂಡರೆ ಸಾಲಿನಲ್ಲಿ ಅವರ ಲಾರಿಯಷ್ಟು ಜಾಗ ಖಾಲಿ ಬಿಡುವುದು ರೂಢಿ. ಆ ದಿನ ಡರ್ಮಟ್‌ನ ಹಸಿರು ಲಾರಿಗೆಂದು ಬಿಟ್ಟಿದ್ದೆವು. ಲಾರಿಗಳು ಒಂದಕ್ಕೊಂದು ಗುದ್ದದೆ ಹೊಗೆಯ ಹಾಗೆ ತೂರಿಹೋಗುವಂತೆ ಆಟವನ್ನು ನಾನೇ ಹೊಂದಿಸಿದ್ದೆ.

ಹೊಸದಾಗಿ ಸೇರಿದ್ದ ಟೆಗನ್‌ಗೆ ಜಾಗ ಬಿಡುವ ಈ ರೂಢಿ ಗೊತ್ತಿರಲಿಲ್ಲ. ಜಾಗ ಕಂಡು ನುಗ್ಗಿದಳು. ಧಡ್! ಅವಳ ಬಿಳಿ ಲಾರಿಯ ಮೂತಿ ನಜ್ಜುಗುಜ್ಜಾಯಿತು.

“ಏನ್ರೀ ಕೋಲಿನ್ ಇದು? ಇಲ್ಲೇನೂ ಇಲ್ವಲ್ಲ!”

“ಅದು ಡರ್ಮಟ್ ಜಾಗ ಕಣಮ್ಮ. ಹಿಂದಕ್ಕೆ ತಗೋ,” ಎಂದೆ.

ಅವಳು ಹಿಂದೆ ಸರಿದಳು. ಆಗ ಹೆಡ್‌ಫೋನಿನಲ್ಲಿ ಫ್ಲಾಸ್ಕಿನ ಮುಚ್ಚಳ ತಿರುವಿದ ಸದ್ದು ಕೇಳಿಸಿತು. ಹೊರಡುವ ಮುಂಚೆ ಡರ್ಮಟ್ ಹಾಗೆಯೇ ಮಾಡುತ್ತಿದ್ದ. ನನಗೇಕೋ ಹೆದರಿಕೆಯಾಗಲಿಲ್ಲ, ಜೀವಕ್ಕೆ ಹಾಯೆನಿಸಿತು.

“ಎಲ್ಲಾ ಬಂದಂಗಾಯ್ತು, ಹೊರಡೋಣ್ವೇನ್ರೋ?” ಎಂದೆ.

ಟೆಗನ್ ಲಾರಿ ಆಮೇಲೆ ಆಟದ ಗ್ಯಾರೇಜಿನಲ್ಲಿ ಪೂರ್ತಿ ರಿಪೇರಿಯಾಯಿತು. ಬಿಳಿ ಮೂತಿಯ ಮೇಲಿನ ಹಸಿರು ಗೀರು ಮಾತ್ರ ಇನ್ನೂ ಹೋಗಿಲ್ಲ.