ಕೆಡದ ಮೌಸ್

ಭದ್ರಾವತಿ ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದವಳು ರಂಜಿನಿ. ಅವಳ ವೈರ್‌ಲೆಸ್ ಮೌಸ್ ಮೊದಲ ಸಲ ನಿಂತಾಗ ನಿಜವಾಗಿಯೇ ನಿಂತಿತ್ತು. ಶಿವಮೊಗ್ಗದ ಕಂಪ್ಯೂಟರ್ ಅಂಗಡಿಯಿಂದ ಬಂದ ಹಾಲೇಶ್ ಸೆಲ್ ಬದಲಿಸಿ, ಅಡಿಯ ಗುಂಡಿ ಒತ್ತಿ, "ಇಷ್ಟೇ ಮೇಡಂ. ಪಾಪ, ಹೊಟ್ಟೆ ಹಸಿದಿತ್ತು" ಎಂದು ನಕ್ಕ. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು.

ಆ ಗುಳಿಯನ್ನು ಇನ್ನೊಮ್ಮೆ ನೋಡಬೇಕೆನಿಸಿದ್ದೇ ತಪ್ಪಾಯಿತು.

ಮುಂದಿನ ವಾರ, ಚೆನ್ನಾಗಿಯೇ ಓಡುತ್ತಿದ್ದ ಮೌಸಿನ ಮೇಲೆ ದೂರು ಹೇಳಿ ಫೋನ್ ಮಾಡಿದಳು.

"ನಾನು ಬಂದ್ ಕೂಡ್ಲೇ ಸರಿಯಾಗ್ಬಿಡುತ್ತಲ್ರೀ!" ಹಾಲೇಶ್ ಮೇಜಿನಡಿ ತೂರಿ ರಿಸೀವರನ್ನು ಬೇರೆ ಪೋರ್ಟಿಗೆ ಹಾಕಿದ, ಪ್ಯಾಡ್ ಬದಲಿಸಿದ.

"ನಿಮ್ಮನ್ನ ಕಂಡ್ರೆ ಹೆದರಿಕೆ ಇರ್ಬೇಕು."

"ಮೌಸಿಗೋ, ನಿಮಗೋ?"

ಅವಳು ತಲೆ ತಗ್ಗಿಸಿ ನಕ್ಕಳು.

ಮತ್ತೊಂದು ಸುಳ್ಳಿಗೆ ಬಂದವನು ನಗಲಿಲ್ಲ. ಬ್ಯಾಗಿನಿಂದ ಬೇರೊಂದು ಮೌಸ್ ತೆಗೆದಿಟ್ಟ. "ಇದು ನಮ್ಮನೇದು, ಇಟ್ಕೊಳ್ಳಿ. ಇನ್ಮೇಲೆ ನಾನು ಬರಲ್ಲ."

"ಯಾಕೆ?"

"ಒಂದು ಮೌಸ್ ಸರಿಮಾಡಕ್ಕೆ ಬರಲ್ಲ ಅಂತ ಓನರ್ ಉಜ್ಜನಪ್ಪೋರು ಎಲ್ಲರೆದುರೇ ಬೈದ್ರು. ಸರ್ವೀಸ್ ಕೆಲ್ಸ ಬಿಡಿಸಿ ನಾಳೆಯಿಂದ ಗೋಡೌನಿಗೆ ಹಾಕಿದಾರೆ. ಅವ್ರ ಮಾತೂ ಸರಿನೇ ಬಿಡಿ. ಏನ್ ತೊಂದ್ರೆ ಅಂತ ನಂಗೇ ತಿಳೀಲಿಲ್ಲ."

ನಿಜ ಹೇಳದೆ ಅವಳು ಆ ಮೌಸನ್ನು ತನ್ನತ್ತ ಎಳೆದುಕೊಂಡಳು. ಅವನು ಮೆಟ್ಟಿಲಿಳಿದು ಹೋದ. ಅಂದು ಅವಳು ಯಾರದೋ ಪತ್ರಿಕೆಯಲ್ಲಿ ವಧುವಿನ ಜಾಗಕ್ಕೆ ವರನ ಹೆಸರು ಹೊಡೆದಳು.

ಮರುದಿನ ರಜೆ ಹಾಕಿ ಶಿವಮೊಗ್ಗದ ಬಸ್ ಹತ್ತಿದಳು. ಮಲವಗೊಪ್ಪ ದಾಟುವಾಗ ಇಳಿದು ವಾಪಸ್ ಹೋಗೋಣವೆನಿಸಿತು. ಇಳಿಯಲಿಲ್ಲ.

ಕಂಪ್ಯೂಟರ್ ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ ನಿಂತು ಉಜ್ಜನಪ್ಪನವರಿಗೆ ಹೇಳಿದಳು: "ಸರ್, ಮೌಸ್ ಕೆಟ್ಟಿರಲಿಲ್ಲ. ಹಾಲೇಶ್ ಬರ್ಲಿ ಅಂತ ನಾನೇ ಸುಳ್ಳು ಹೇಳ್ದೆ. ತಪ್ಪು ನಂದು."

ಉಜ್ಜನಪ್ಪ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು, ಗೋಡೌನ್ ಬಾಗಿಲಲ್ಲಿ ಡಬ್ಬ ಹಿಡಿದು ನಿಂತ ಹಾಲೇಶನನ್ನು ನೋಡಿದರು. "ನಾಳೆಯಿಂದ ಸರ್ವೀಸಿಗೆ ಹೋಗಯ್ಯಾ. ಈಗ ಮೊದ್ಲು ಇವರನ್ನ ಬಸ್ ಹತ್ಸಿ ಬಾ."

ದಾರಿಯುದ್ದಕ್ಕೂ ಅವನು ಎರಡು ಮಾರು ಮುಂದೆಯೇ ನಡೆದ. ಬಸ್ ಸ್ಟ್ಯಾಂಡಿನಲ್ಲಿ ಅವಳ ಕಣ್ಣು ತುಂಬಿತು. "ಕ್ಷಮಿಸ್ತೀರಾ?"

"ನಂಗೆ ಕೆಲ್ಸಾನೇ ಬರಲ್ವೇನೋ ಅಂತ ಎಷ್ಟು ಕೊರಗಿದೀನಿ ಗೊತ್ತಾ ಮಾರಾಯ್ತಿ? ಸಿಟ್ಟು ಇಷ್ಟು ಬೇಗ ಇಳಿಯಲ್ಲ."

"ಇಳಿಯೋ ತನಕ ಕಾಯ್ತೀನಿ."

ಅವಳು ಬಸ್ ಹತ್ತಿ ಕಿಟಕಿ ಪಕ್ಕ ಕೂತಳು. ಬಸ್ ಹೊರಟಿತು. ಹಾಲೇಶ್ ಜೊತೆಯಲ್ಲೇ ನಾಲ್ಕು ಹೆಜ್ಜೆ ಹಾಕಿದ.

"ಭಾನುವಾರ ತ್ಯಾವರೆಕೊಪ್ಪದ ಸಫಾರಿಗೆ ಬರ್ತೀರಾ? ಹುಲಿ ನೋಡ್ತಾ ನೋಡ್ತಾ ಸಿಟ್ಟು ಇಳಿದ್ರೂ ಇಳೀಬಹುದು."

"ಬರ್ತೀನಿ!" ಎಂದು ಅವಳು ಕೂಗಿದ್ದಕ್ಕೆ, ಯಾರೋ ಓಡಿಬರುತ್ತಿದ್ದಾರೆಂದುಕೊಂಡು ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ.